ಹೆಸರು ನಮ್ಮದು, ಲೆಕ್ಕ ಯಾರದು?

ಹೊರನಾಡಿನಲ್ಲಿ ಬಾಳುವೆ ಮಾಡುವವನಿಗೆ ತಾಯ್ನಾಡಿನ ಹೆಸರು ಎಲ್ಲಿ ಕಂಡರೂ ಎದೆ ಒಂದಿಷ್ಟು ಅರಳುತ್ತದೆ. ಇದನ್ನು ದೌರ್ಬಲ್ಯವೆಂದು ನಾನು ಎಣಿಸುವುದಿಲ್ಲ. ಆದರೆ ಎದೆ ಅರಳುವ ಹೊತ್ತಿನಲ್ಲಿ ಕಣ್ಣು ಮುಚ್ಚಿಹೋಗುವುದೂ ಉಂಟೆಂಬುದನ್ನು ಸ್ವಾನುಭವದಿಂದ ಕಲಿತಿದ್ದೇನೆ. ಆ ಅನುಭವದಿಂದಲೇ ಈ ಬರಹವನ್ನು ಆರಂಭಿಸುತ್ತೇನೆ.

2011ರ ಬೇಸಗೆಯಲ್ಲಿ ಖಡಕಿಯ ಕಚೇರಿಯಿಂದ ಕೆಲಸದ ನಿಮಿತ್ತ ಭದ್ರಾವತಿಗೆ ಹೋಗಿದ್ದೆ. ಉಕ್ಕಿನ ಕಾರ್ಖಾನೆಯ ನಮ್ಮ ಭದ್ರಾವತಿಯಲ್ಲ. ವಿದರ್ಭದ ಚಂದ್ರಪುರ ಜಿಲ್ಲೆಯ ಭದ್ರಾವತಿ. ಅಲ್ಲಿ ರಕ್ಷಣಾ ಇಲಾಖೆಗೆ ಮದ್ದುಗುಂಡು ಒದಗಿಸುವ ಕಾರ್ಖಾನೆಯಿದೆ; ಖಡಕಿಗೂ ಅದಕ್ಕೂ ಹಳೆಯ ನಂಟು. ಸಂಜೆ ಚಹದಂಗಡಿಯ ಬೆಂಚಿನ ಮೇಲೆ ಕುಳಿತಿದ್ದಾಗ ಕಲ್ಲಿದ್ದಲು ಹೇರಿದ ಲಾರಿಗಳು ಸಾಲುಗಟ್ಟಿ ಹಾದುಹೋದವು. ಪಕ್ಕದಲ್ಲಿದ್ದ ವೃದ್ಧರೊಬ್ಬರು ನನ್ನ ಮರಾಠಿಯ ಧಾಟಿಯಿಂದಲೇ ಊರನ್ನು ಊಹಿಸಿ, ಕೈಯಿಂದ ಬರಾಂಜದ ದಿಕ್ಕನ್ನು ತೋರಿಸಿ, ಆ ಗಣಿ ನಿಮ್ಮ ಕರ್ನಾಟಕದ್ದೇ ಅಲ್ಲವೇ ಎಂದು ಕೇಳಿದರು. "ಹೋ, ಆಮಚೀಚ್" ಎಂದು ನಾನು ತಡಮಾಡದೆ ಉತ್ತರಿಸಿದೆ. ಹೌದು, ನಮ್ಮದೇ! ಮಹಾರಾಷ್ಟ್ರದ ನೆಲದಲ್ಲಿ ಕರ್ನಾಟಕದ ಗಣಿ. ಅದರ ಕಲ್ಲಿದ್ದಲಿನಿಂದ ಬಳ್ಳಾರಿಯಲ್ಲಿ ಬೆಳಕು. ಖಡಕಿಗೆ ಮರಳಿ ಬಂದು ಸಂಘದ ಗೆಳೆಯರಿಗೂ ಅಭಿಮಾನದಿಂದ ಹೇಳಿಕೊಂಡೆ.

ಆ ಉತ್ತರದಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಮೂರು ಪಾಲು ಸುಳ್ಳಿತ್ತು ಎಂಬುದು ನನಗೆ ತಿಳಿದದ್ದು ಆಮೇಲೆ.

ಸಂಗತಿ ಹೀಗಿದೆ. ಕರ್ನಾಟಕ ವಿದ್ಯುತ್ ನಿಗಮವು 1970ರಲ್ಲಿ ಹುಟ್ಟಿದ ಸಂಸ್ಥೆ. ಪೂರ್ಣವಾಗಿ ಸರ್ಕಾರದ್ದು, ಅಂದರೆ ನಾಡಿನ ಜನರದ್ದು. ಬಳ್ಳಾರಿ ಜಿಲ್ಲೆಯ ಕುಡತಿನಿಯಲ್ಲಿ ಅದು ಉಷ್ಣ ವಿದ್ಯುತ್ ಸ್ಥಾವರವನ್ನು ಕಟ್ಟಲು ಹೊರಟಾಗ ಕಲ್ಲಿದ್ದಲಿನ ಪ್ರಶ್ನೆ ಎದುರಾಯಿತು. 2002ರಲ್ಲಿ ನಿಗಮವು ಎಮ್ಟಾ ಎಂಬ ಖಾಸಗಿ ಸಂಸ್ಥೆಯೊಡನೆ ಕೈಜೋಡಿಸಿ 'ಕರ್ನಾಟಕ ಎಮ್ಟಾ ಕೋಲ್ ಮೈನ್ಸ್' ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿತು. 2003ರಲ್ಲಿ ಬರಾಂಜ, ಕಿಲೋನಿ, ಮನೋರಾದೀಪ ನಿಕ್ಷೇಪಗಳು ಕೇಂದ್ರದಿಂದ ಮಂಜೂರಾದವು. ಜಂಟಿ ಕಂಪನಿಯಲ್ಲಿ ನಿಗಮದ ಪಾಲು ಶೇಕಡಾ 26. ಖಾಸಗಿ ಪಾಲುದಾರರದು ಶೇಕಡಾ 74. ಗಣಿಗಾರಿಕೆ ಮಾಡುವುದು ಜಂಟಿ ಕಂಪನಿ; ಕಲ್ಲಿದ್ದಲನ್ನು ಕೊಳ್ಳುವುದು ನಿಗಮ. ಅಂದರೆ ಮಾರುವವನ ಮನೆಯಲ್ಲಿ ಕಾಲುಪಾಲಿನ ಒಡೆತನವುಳ್ಳವನೇ ಕೊಳ್ಳುವ ಗಿರಾಕಿ!

ಇಂಥ ವ್ಯವಹಾರಕ್ಕೆ ಕಾನೂನಿನ ಭಾಷೆಯಲ್ಲಿ ಸಂಬಂಧಿತ ಪಕ್ಷಗಳ ವ್ಯವಹಾರವೆಂದು ಹೆಸರು. ನಮ್ಮ ಹಳ್ಳಿಯ ಮಾತಿನಲ್ಲಿ ಇದು ಬೀಗರ ವ್ಯಾಪಾರ. ಬೀಗರೊಡನೆ ವ್ಯಾಪಾರ ಮಾಡಬಾರದೆಂದು ಹಿರಿಯರು ಎಚ್ಚರಿಸುತ್ತಿದ್ದದ್ದು ಬೀಗರು ಕೆಟ್ಟವರೆಂದಲ್ಲ. ತೂಕದಲ್ಲಿ ವ್ಯತ್ಯಾಸ ಬಂದಾಗ ಬಾಯಿ ಬಿಟ್ಟು ಕೇಳುವುದಕ್ಕೆ ಸಂಬಂಧ ಅಡ್ಡ ಬರುತ್ತದೆ ಎಂದು.

ಖಡಕಿಯಲ್ಲಿ ಬದುಕು ಸವೆಸಿದ ನಮಗೆ ಈ ತತ್ತ್ವವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಇಲ್ಲಿಯ ಮದ್ದುಗುಂಡು ಕಾರ್ಖಾನೆ 1869ರಷ್ಟು ಹಳೆಯದು. ಅದರ ಹತ್ತಿರದಲ್ಲೇ ಮದ್ದುಗುಂಡುಗಳ ಗುಣಮಟ್ಟವನ್ನು ಪರಿಶೀಲಿಸುವ ಬೇರೊಂದು ಕಚೇರಿಯಿದೆ. ನಾನು ಕೆಲಸ ಮಾಡಿದ್ದು ಪರಿಶೀಲನೆಯ ಕಡೆಯಲ್ಲಿ. ಉತ್ಪಾದನೆಯ ಕಡೆಯವರು ನಮ್ಮ ನೆರೆಹೊರೆಯವರು; ಮಕ್ಕಳು ಒಂದೇ ಶಾಲೆಗೆ ಹೋಗುತ್ತಿದ್ದರು; ಗಣೇಶೋತ್ಸವಕ್ಕೆ ಒಂದೇ ಪೆಂಡಾಲು. ಆದರೂ ಕೆಲಸದ ಮೇಜಿನ ಮುಂದೆ ಅವರು ಬೇರೆ, ನಾವು ಬೇರೆ. ಗುಂಡು ತಯಾರಿಸಿದವನೇ ಅದನ್ನು ಪಾಸು ಮಾಡಬಾರದು. ಈ ನಿಯಮವನ್ನು ಯಾರೂ ಅವಮಾನವೆಂದು ತಿಳಿಯಲಿಲ್ಲ. ತಯಾರಿಸಿದವನು ಎಷ್ಟೇ ಪ್ರಾಮಾಣಿಕನಾಗಿರಲಿ, ಗಡಿಯಲ್ಲಿ ಬಂದೂಕು ಹಿಡಿದು ನಿಂತವನ ಪರವಾಗಿ ಮಾತನಾಡಲು ಬೇರೊಬ್ಬನು ಇರಲೇಬೇಕು. ವಿದ್ಯುತ್ತಿನ ಒಪ್ಪಂದಗಳಲ್ಲಿ ಆ ಬೇರೊಬ್ಬನು ಎಲ್ಲಿದ್ದಾನೆ? ಬಿಲ್ಲು ಕಟ್ಟುವವನ ಪರವಾಗಿ ಮೇಜಿನ ಆಚೆ ಬದಿಯಲ್ಲಿ ಕುಳಿತವರು ಯಾರು? ನನ್ನ ಪ್ರಶ್ನೆ ಇದೊಂದೇ.

ಈ ಪ್ರಶ್ನೆಯ ಬೆಲೆಯನ್ನು ಮಹಾರಾಷ್ಟ್ರದಲ್ಲಿ ನೆಲೆಸಿದ ನಾವು ಒಮ್ಮೆ ತೆತ್ತಿದ್ದೇವೆ. ದಾಭೋಳವನ್ನು ವಾಚಕರು ಮರೆತಿರಲಾರರು. ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯು 1993ರ ಡಿಸೆಂಬರಿನಲ್ಲಿ ಎನ್ರಾನ್ ಕಟ್ಟಿದ ದಾಭೋಳ್ ಪವರ್ ಕಂಪನಿಯೊಡನೆ ವಿದ್ಯುತ್ ಖರೀದಿಯ ಕರಾರಿಗೆ ಸಹಿ ಹಾಕಿತು. ಆ ಕಂಪನಿಯಲ್ಲಿ ಎನ್ರಾನ್ ಪಾಲು ಶೇಕಡಾ 80. ಜನರಲ್ ಎಲೆಕ್ಟ್ರಿಕ್ ಮತ್ತು ಬೆಕ್ಟೆಲ್ ಪಾಲು ತಲಾ ಶೇಕಡಾ 10. ಟರ್ಬೈನುಗಳನ್ನು ಒದಗಿಸಿದ್ದು ಜನರಲ್ ಎಲೆಕ್ಟ್ರಿಕ್. ನಿರ್ಮಾಣದ ಗುತ್ತಿಗೆ ಬೆಕ್ಟೆಲ್‌ಗೆ. ಇಂಧನ ಮತ್ತು ನಿರ್ವಹಣೆಯ ವ್ಯವಸ್ಥೆಯಲ್ಲಿ ಎನ್ರಾನ್ ಬಳಗದವೇ ಆದ ಕಂಪನಿಗಳು. ಒಡೆಯರೇ ಗುತ್ತಿಗೆದಾರರಾದಾಗ ಸ್ಥಾವರದ ವೆಚ್ಚ ಏರಿದರೆ ಅಳುವವರು ಯಾರು? ವೆಚ್ಚವೆಲ್ಲ ದರದಲ್ಲಿ ಸೇರಿ ಕೊಳ್ಳುವವನ ತಲೆಯ ಮೇಲೆ ಬರುತ್ತದೆ.

1995ರ ಆಗಸ್ಟಿನಲ್ಲಿ ಹೊಸ ಸರ್ಕಾರ ಆ ಯೋಜನೆಯನ್ನು ರದ್ದುಪಡಿಸಿತು. ಮರುಮಾತುಕತೆ ನಡೆಸಿ ಮತ್ತೆ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಳ್ಳುವಾಗ ವಿದ್ಯುತ್ ಮಂಡಳಿಯೂ ಪಾಲುದಾರನಾಗುವ ಏರ್ಪಾಡು ಆಯಿತು. ಮುಂದೆ ಶೇಕಡಾ 15ರ ಪಾಲು ಅದರದಾಯಿತು. ಅದನ್ನು ಜಯವೆಂದು ಬಣ್ಣಿಸಿದವರೂ ಇದ್ದರು. ಆದರೆ ಆದದ್ದೇನು? ಅದುವರೆಗೆ ಕೇವಲ ಗಿರಾಕಿಯಾಗಿದ್ದ ಮಂಡಳಿ ಅಂಗಡಿಯ ಪಾಲುದಾರನೂ ಆಗಿ, ದರ ಹೆಚ್ಚಾಯಿತೆಂದು ಕೂಗಬೇಕಾದ ಬಾಯಿಗೆ ಲಾಭಾಂಶದ ಸಕ್ಕರೆ ಬಿತ್ತು. 1999ರ ಮೇ ತಿಂಗಳಲ್ಲಿ 740 ಮೆಗಾವಾಟಿನ ಮೊದಲ ಹಂತ ವಿದ್ಯುತ್ ನೀಡತೊಡಗಿತು. ಕೊಂಡರೂ ಬಿಟ್ಟರೂ ತೆರಬೇಕಾದ ಸ್ಥಿರ ವೆಚ್ಚದಿಂದಾಗಿ, ಕಡಿಮೆ ಕೊಂಡ ತಿಂಗಳುಗಳಲ್ಲಿ ಯೂನಿಟ್ಟಿನ ದರ 7 ರೂಪಾಯಿಯನ್ನು ದಾಟಿತು. 2001ರ ಮೇ ತಿಂಗಳಲ್ಲಿ ಖರೀದಿ ನಿಂತಿತು; ಆ ವರ್ಷದ ಡಿಸೆಂಬರಿನಲ್ಲಿ ಎನ್ರಾನ್ ದಿವಾಳಿಯಾಯಿತು. ಕೊನೆಗೆ 2005ರಲ್ಲಿ ಸಾರ್ವಜನಿಕ ಸಂಸ್ಥೆಗಳ ಹಣದಿಂದ ಆ ಸ್ಥಾವರವನ್ನು ಎತ್ತಿ ನಿಲ್ಲಿಸಬೇಕಾಯಿತು.

ಈ ಕರಾರಿನ ಲೆಕ್ಕವನ್ನು ಆರಂಭದಲ್ಲೇ ಬಿಡಿಸಿ ಜನರ ಮುಂದಿಟ್ಟವರಲ್ಲಿ ನಮ್ಮ ಪುಣೆಯ 'ಪ್ರಯಾಸ್' ಸಂಸ್ಥೆಯ ತರುಣ ಇಂಜಿನಿಯರುಗಳಿದ್ದರು. ಅವರು ಮಂಡಳಿಯ ನೌಕರರಲ್ಲ, ಶಾಸಕರಲ್ಲ. ಅವರ ಲೇಖನಿ ಸ್ವತಂತ್ರವಾಗಿತ್ತು, ಏಕೆಂದರೆ ಅವರು ಅಂಗಡಿಯಲ್ಲಿ ಪಾಲುದಾರರಾಗಿರಲಿಲ್ಲ.

ಇದೇ ಜನರಲ್ ಎಲೆಕ್ಟ್ರಿಕ್ ಹೆಸರು ಕನ್ನಡ ನಾಡಿನ ವಿದ್ಯುತ್ ಚರಿತ್ರೆಯ ಮೊದಲ ಪುಟದಲ್ಲಿಯೂ ಇದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ಯೋಜನೆಯಿಂದ 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. ವಿದ್ಯುತ್ ಯಂತ್ರಗಳು ಆ ಅಮೆರಿಕನ್ ಕಂಪನಿಯವು. ಆದರೆ ಅಲ್ಲಿ ಅದು ಯಂತ್ರ ಮಾರಿದ ವ್ಯಾಪಾರಿ. ಸ್ಥಾವರದ ಒಡೆಯ ಮೈಸೂರು ಸರ್ಕಾರ. ವಿದ್ಯುತ್ ಕೊಂಡವರು ಬ್ರಿಟಿಷ್ ಗಣಿ ಕಂಪನಿಗಳು. ಮೂವರೂ ಬೇರೆ ಬೇರೆ. ಒಬ್ಬರು ಇನ್ನೊಬ್ಬರ ಅಂಗಡಿಯಲ್ಲಿ ಪಾಲುದಾರರಲ್ಲ. ಅರಸೊತ್ತಿಗೆಯ ಕಾಲದಲ್ಲಿ ಸಾಧ್ಯವಾದ ಈ ಅಂತರ ಪ್ರಜಾಸತ್ತೆಯ ಕಾಲದಲ್ಲಿ ಅಸಾಧ್ಯವೇಕೆ?

ಈಗ ಬರಾಂಜಕ್ಕೆ ಮರಳೋಣ. ಶೇಕಡಾ 26 ಎಂಬ ಅಂಕೆ ಎಲ್ಲಿಂದ ಬಂತು? ವಿದ್ಯುತ್ ಸಂಸ್ಥೆಯು ತನ್ನ ಪಾಲಿನ ಗಣಿಯನ್ನು ಜಂಟಿ ಕಂಪನಿಯ ಮೂಲಕ ನಡೆಸಬೇಕಾದರೆ ಅದರಲ್ಲಿ ಕನಿಷ್ಠ ಇಷ್ಟು ಬಂಡವಾಳ ಇರಬೇಕೆಂಬುದು ಆಗಿನ ಕಲ್ಲಿದ್ದಲು ಇಲಾಖೆಯ ನಿಯಮ. ನಮ್ಮ ನಿಗಮ ಹಿಡಿದದ್ದು ಆ ಕನಿಷ್ಠವನ್ನೇ. ಪಂಜಾಬಿನ ವಿದ್ಯುತ್ ಮಂಡಳಿಯೂ ಇದೇ ಖಾಸಗಿ ಪಾಲುದಾರರೊಡನೆ ಇದೇ ಪ್ರಮಾಣದಲ್ಲಿ ಕೂಡಿಕೊಂಡಿತ್ತು. ಈ ಅಂಕೆಯ ಪರಿಣಾಮವನ್ನು ವಾಚಕರು ಗಮನಿಸಬೇಕು. ಶೇಕಡಾ 51 ಪಾಲಿದ್ದರೆ ಅದು ಸರ್ಕಾರಿ ಕಂಪನಿ. ಅದರ ಲೆಕ್ಕಪತ್ರ ಸಿ.ಎ.ಜಿ. ಅವರ ಪರಿಶೋಧನೆಗೆ ಒಳಪಡುತ್ತದೆ. ಮಾಹಿತಿ ಹಕ್ಕಿನ ಕಾಯಿದೆ ಅದಕ್ಕೆ ಅನ್ವಯಿಸುತ್ತದೆ. ವಿಧಾನಮಂಡಲದ ಸಾರ್ವಜನಿಕ ಉದ್ದಿಮೆಗಳ ಸಮಿತಿ ಅದನ್ನು ಕರೆದು ಕೇಳಬಹುದು. ಶೇಕಡಾ 26 ಪಾಲಿದ್ದರೆ ಈ ಮೂರು ಬಾಗಿಲೂ ನೇರವಾಗಿ ತೆರೆಯುವುದಿಲ್ಲ. 'ಕರ್ನಾಟಕ' ಎಂಬ ಹೆಸರು ಮಾತ್ರ ಫಲಕದ ಮೇಲೆ ಪೂರ್ಣವಾಗಿ ನೂರಕ್ಕೆ ನೂರು ಉಳಿಯುತ್ತದೆ. ಹೆಸರು ನಮ್ಮದು, ಲೆಕ್ಕ ನಮ್ಮ ಕಣ್ಣಿಗೆ ಬೀಳದು.

ಮುಂದೆ ನಡೆದದ್ದು ಸಾರ್ವಜನಿಕ ದಾಖಲೆಯಲ್ಲಿದೆ. ಕಲ್ಲಿದ್ದಲನ್ನು ತೊಳೆದ ಮೇಲೆ ಉಳಿಯುವ ತಿರಸ್ಕೃತ ಕಲ್ಲಿದ್ದಲು ಯಾರ ಸ್ವತ್ತು, ಅದರ ಬೆಲೆ ಏನು ಎಂಬ ಬಗ್ಗೆ ಸಿ.ಎ.ಜಿ. 2013ರ ವರದಿಯಲ್ಲಿ ಆಕ್ಷೇಪವೆತ್ತಿದರು. ನಷ್ಟದ ಅಂದಾಜು 50 ಕೋಟಿ ರೂಪಾಯಿಗೂ ಮೀರಿದ್ದು. 2014ರ ಸೆಪ್ಟೆಂಬರ್ 24ರಂದು ಸರ್ವೋಚ್ಚ ನ್ಯಾಯಾಲಯವು ದೇಶದ 218 ಕಲ್ಲಿದ್ದಲು ಹಂಚಿಕೆಗಳಲ್ಲಿ 214ನ್ನು ರದ್ದುಪಡಿಸಿದಾಗ ಬರಾಂಜವೂ ಆ ಪಟ್ಟಿಯಲ್ಲಿತ್ತು. ಅದಕ್ಕೂ ಒಂದು ತಿಂಗಳು ಮುಂಚಿನ ತೀರ್ಪಿನಲ್ಲಿ, ಸರ್ಕಾರಿ ಸಂಸ್ಥೆಗಳ ಹೆಸರಿನಲ್ಲಿ ಹಂಚಿಕೆ ಪಡೆದು ಖಾಸಗಿ ಪಾಲುದಾರರು ಗಣಿಗಾರಿಕೆ ನಡೆಸುವ ಪದ್ಧತಿಯು ಕಲ್ಲಿದ್ದಲು ರಾಷ್ಟ್ರೀಕರಣದ ಕಾಯಿದೆಯ ಉದ್ದೇಶವನ್ನೇ ವಿಫಲಗೊಳಿಸುತ್ತದೆಂದು ನ್ಯಾಯಾಲಯವು ಹೇಳಿತ್ತು. ತೆಗೆದ ಪ್ರತಿ ಟನ್ನಿಗೆ 295 ರೂಪಾಯಿಯ ಹೆಚ್ಚುವರಿ ತೆರಿಗೆ ಬಿತ್ತು. ಅದನ್ನು ಯಾರು ಹೊರಬೇಕೆಂಬುದೂ ವ್ಯಾಜ್ಯವಾಯಿತು. ತಿರಸ್ಕೃತ ಕಲ್ಲಿದ್ದಲಿನ ವಿಚಾರವಾಗಿ ಸಿ.ಬಿ.ಐ. ಮೊಕದ್ದಮೆ ಹೂಡಿತು. 2024ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಜಂಟಿ ಕಂಪನಿಯನ್ನು ಆರೋಪಗಳಿಂದ ಮುಕ್ತಗೊಳಿಸಿತು.

ಈ ಕಡೆಯ ಸಂಗತಿಯನ್ನು ನಾನು ಮರೆಮಾಚುವುದಿಲ್ಲ. ಅದನ್ನು ಒತ್ತಿಯೇ ಹೇಳುತ್ತೇನೆ. ನ್ಯಾಯಾಲಯವು ಅಪರಾಧವಿಲ್ಲವೆಂದ ಮೇಲೆ ಬೀದಿಯಲ್ಲಿ ನಿಂತು ಕಳ್ಳರೆಂದು ಕೂಗುವುದು ಸಭ್ಯರ ಲಕ್ಷಣವಲ್ಲ. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆಯನ್ನು ಇಲ್ಲಿ ಎತ್ತುವುದು ಸುಲಭ. ಆದರೆ ನನ್ನ ವಾದಕ್ಕೆ ಅದು ಬೇಕಿಲ್ಲ. ಹೊಲವನ್ನು ಯಾರೂ ಮೇಯದೆ ಇರಬಹುದು. ಆದರೆ ಬೇಲಿಯೂ ದನವೂ ಪಾಲುದಾರರಾಗಿರುವ ಹೊಲದಲ್ಲಿ, ಮೇಯಿತೋ ಇಲ್ಲವೋ ಎಂಬುದನ್ನು ರೈತ ತಿಳಿಯುವುದು ಹೇಗೆ? ತಿರಸ್ಕೃತ ಕಲ್ಲಿದ್ದಲು ಯಾರದೆಂಬ ಸರಳ ಪ್ರಶ್ನೆಗೆ ಉತ್ತರ ಸಿಗಲು ಸಿ.ಎ.ಜಿ. ವರದಿ, ಸಿ.ಬಿ.ಐ. ತನಿಖೆ, ವಿಶೇಷ ನ್ಯಾಯಾಲಯ, ಸರ್ವೋಚ್ಚ ನ್ಯಾಯಾಲಯ ಇವೆಲ್ಲವೂ ಬೇಕಾದವು; ಹತ್ತು ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯಿತು. ಕರಾರು ಬರೆಯುವ ದಿನವೇ ಮೇಜಿನ ಆಚೆ ಬದಿಯಲ್ಲಿ ಕೊಳ್ಳುವವನ ಹಿತ ಮಾತ್ರ ಕಾಯುವವನೊಬ್ಬ ಕುಳಿತಿದ್ದರೆ ಆ ಪ್ರಶ್ನೆ ಒಂದು ಸಾಲಿನಲ್ಲಿ ಬಗೆಹರಿಯಬಹುದಿತ್ತು. ಅಪರಾಧಕ್ಕೆ ಕಾನೂನಿದೆ, ನ್ಯಾಯಾಲಯವಿದೆ. ಅಪರಾಧವಲ್ಲದ, ಆದರೆ ಜನರ ಹಣವನ್ನು ಕತ್ತಲೆಯಲ್ಲಿಡುವ ವ್ಯವಸ್ಥೆಗೆ ಯಾವ ನ್ಯಾಯಾಲಯವಿದೆ?

ಬರಾಂಜ ಹಳೆಯ ಕತೆಯಾಯಿತು, ಹಂಚಿಕೆ ರದ್ದಾಗಿ 2015ರ ಹೊಸ ಕಾಯಿದೆಯಡಿ ನಿಕ್ಷೇಪಗಳು ಮತ್ತೆ ನಿಗಮಕ್ಕೇ ಬಂದವಲ್ಲ ಎನ್ನುವವರಿಗೆ ನಾನು ರಾಯಚೂರಿನ ಯರಮರಸ್‌ನ್ನು ತೋರಿಸುತ್ತೇನೆ. ಅಲ್ಲಿಯ 800 ಮೆಗಾವಾಟಿನ ಎರಡು ಘಟಕಗಳ ಒಡೆತನ ರಾಯಚೂರು ಪವರ್ ಕಾರ್ಪೊರೇಷನ್ ಎಂಬ ಜಂಟಿ ಕಂಪನಿಯದು. 2009ರಲ್ಲಿ ಅದನ್ನು ಕಟ್ಟಿದ ಪಾಲುದಾರರಲ್ಲಿ ನಮ್ಮ ವಿದ್ಯುತ್ ನಿಗಮವೂ ಇದೆ, ಭಾರತ್ ಹೆವಿ ಎಲೆಕ್ಟ್ರಿಕಲ್ಸೂ ಇದೆ. ಬಾಯ್ಲರು, ಟರ್ಬೈನುಗಳನ್ನು ಒದಗಿಸಿದ್ದು ಯಾರು? ಅದೇ ಭಾರತ್ ಹೆವಿ ಎಲೆಕ್ಟ್ರಿಕಲ್ಸ್. ವಿದ್ಯುತ್ತನ್ನು ಕೊಳ್ಳುವವು ಯಾವುವು? ರಾಜ್ಯ ಸರ್ಕಾರದ್ದೇ ಆದ ಬೆಸ್ಕಾಂ, ಜೆಸ್ಕಾಂ ಮೊದಲಾದ ಸೋದರ ಸಂಸ್ಥೆಗಳು. ಎಲ್ಲರೂ ಸರ್ಕಾರದವರೇ, ಖಾಸಗಿಯವರ ನೆರಳೂ ಇಲ್ಲದಿರಬಹುದು. ಆದರೂ ಯಂತ್ರ ಮಾರುವವನೇ ಯಂತ್ರ ಕೊಳ್ಳುವವನ ಪಾಲುದಾರ ಎಂಬ ದಾಭೋಳದ ಅದೇ ಆಕಾರ ಇಲ್ಲಿಯೂ ಕಾಣುತ್ತದೆ. ಹಣ ಸರ್ಕಾರದ ಒಂದು ಕಿಸೆಯಿಂದ ಇನ್ನೊಂದು ಕಿಸೆಗೆ ಹೋಯಿತೆಂದು ಸಮಾಧಾನ ಹೇಳುವವರಿದ್ದಾರೆ. ಆ ಎರಡು ಕಿಸೆಗಳ ನಡುವೆ ಬಿಲ್ಲು ಕಟ್ಟುವ ಮೂರನೆಯ ಕಿಸೆಯೊಂದು ಇದೆ. ಅದು ನನ್ನ ಅಣ್ಣನದು.

ನನ್ನ ಅಣ್ಣನ ಮನೆ ಬಳ್ಳಾರಿಯಲ್ಲಿದೆ. ಅವನಿಗೆ ಜೆಸ್ಕಾಂ ಬಿಲ್ಲು, ನನಗೆ ಮಹಾವಿತರಣದ ಬಿಲ್ಲು. ದೀಪಾವಳಿಗೆ ಸೇರಿದಾಗ ಇಬ್ಬರೂ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕುಳಿತದ್ದುಂಟು. ಎರಡರಲ್ಲಿಯೂ ಸ್ಥಿರ ಶುಲ್ಕವಿದೆ, ಇಂಧನದ ಏರಿಳಿತದ ಶುಲ್ಕವಿದೆ. ಯಾವ ಕರಾರಿನಿಂದ, ಯಾರು ಯಾರೊಡನೆ ಒಪ್ಪಿದ ಬೆಲೆಯಿಂದ ಆ ಶುಲ್ಕ ಹುಟ್ಟಿತೆಂಬುದು ಎರಡರಲ್ಲಿಯೂ ಇಲ್ಲ.

ಕಾನೂನು ಏನೆನ್ನುತ್ತದೆ? 2013ರ ಕಂಪನಿ ಕಾಯಿದೆಯ 188ನೆಯ ಕಲಮು, ಸಂಬಂಧಿತರೊಡನೆ ನಡೆಸುವ ವ್ಯವಹಾರಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ ಬೇಕೆನ್ನುತ್ತದೆ. ನಿಗದಿತ ಮೊತ್ತ ಮೀರಿದರೆ ಶೇರುದಾರರ ಒಪ್ಪಿಗೆಯೂ ಬೇಕು, ಸಂಬಂಧವುಳ್ಳ ಶೇರುದಾರ ಅಲ್ಲಿ ಮತ ಹಾಕುವಂತಿಲ್ಲ. ಒಳ್ಳೆಯ ನಿಯಮ. ಆದರೆ 2015ರ ಜೂನ್ 5ರ ಅಧಿಸೂಚನೆಯಿಂದ ಸರ್ಕಾರಿ ಕಂಪನಿಗಳಿಗೆ ಶೇರುದಾರರ ಒಪ್ಪಿಗೆಯ ಈ ಕಟ್ಟಿನಿಂದ ವಿನಾಯಿತಿ ದೊರೆಯಿತು. ಒಂದು ಸರ್ಕಾರಿ ಕಂಪನಿ ಇನ್ನೊಂದರೊಡನೆ ವ್ಯವಹರಿಸಿದರೆ ಅದು ಬೇಕಿಲ್ಲ. ಶೇರುಪೇಟೆಯಲ್ಲಿಲ್ಲದ ಸರ್ಕಾರಿ ಕಂಪನಿ ಉಳಿದವರೊಡನೆ ವ್ಯವಹರಿಸಿದರೆ ತನ್ನ ಆಡಳಿತ ಇಲಾಖೆಯ ಪೂರ್ವಾನುಮತಿ ಪಡೆದರೆ ಸಾಕು. ವಿದ್ಯುತ್ ನಿಗಮಕ್ಕೆ ಆ ಇಲಾಖೆ ಯಾವುದು? ಇಂಧನ ಇಲಾಖೆ. ನಿಗಮದ ಅಧ್ಯಕ್ಷ ಪೀಠದಲ್ಲಿ ಮುಖ್ಯಮಂತ್ರಿಗಳೇ ಇರುವುದು ರೂಢಿ. ಅನುಮತಿ ಕೇಳುವವರ ಕುರ್ಚಿಗೂ ಕೊಡುವವರ ಕುರ್ಚಿಗೂ ನಡುವೆ ಎಷ್ಟು ಮೊಳ ಅಂತರವಿದೆಯೆಂದು ವಾಚಕರೇ ಅಳೆದು ನೋಡಲಿ. ಖಾಸಗಿ ಕಂಪನಿಗೆ ಸಣ್ಣ ಶೇರುದಾರನ ಭಯವಾದರೂ ಇದೆ. ಸರ್ಕಾರಿ ಕಂಪನಿಯ ನಿಜವಾದ ಶೇರುದಾರರು ಆರು ಕೋಟಿಗೂ ಮಿಗಿಲಾದ ಜನ. ಅವರಿಗೆ ಸಭೆಯ ನೋಟೀಸು ಎಂದೂ ಬರುವುದಿಲ್ಲ.

ಇದಕ್ಕೆ ಮೂರು ಆಕ್ಷೇಪಗಳನ್ನು ಕೇಳಿದ್ದೇನೆ. ಜಂಟಿ ಕಂಪನಿಗಳಿಲ್ಲದೆ ಬಂಡವಾಳವೂ ತಂತ್ರಜ್ಞಾನವೂ ಬರುವುದಿಲ್ಲವೆಂಬುದು ಮೊದಲನೆಯದು. ಬರಲಿ, ಜಂಟಿ ಕಂಪನಿ ಬೇಡವೆಂದು ನಾನು ಹೇಳುತ್ತಿಲ್ಲ, ಅದರೊಡನೆ ಮಾಡಿಕೊಂಡ ಕರಾರು ಬೆಳಕಿನಲ್ಲಿರಲಿ ಎನ್ನುತ್ತಿದ್ದೇನೆ. ದರವನ್ನು ವಿದ್ಯುತ್ ನಿಯಂತ್ರಣ ಆಯೋಗ ಪರಿಶೀಲಿಸುತ್ತದೆಂಬುದು ಎರಡನೆಯದು. ನಿಜ, 1999ರಿಂದ ಆಯೋಗವಿದೆ, ಬಹಿರಂಗ ವಿಚಾರಣೆ ಇದೆ. ಆದರೆ ಸ್ಥಾವರದ ಬಾಗಿಲಿಗೆ ಬಂದ ಕಲ್ಲಿದ್ದಲಿನ ಬೆಲೆ ಆಯೋಗದ ಮುಂದೆ ಸಿದ್ಧ ಅಂಕೆಯಾಗಿ ಬರುತ್ತದೆ. ಆ ಅಂಕೆ ಹುಟ್ಟಿದ ಕೋಣೆಯಲ್ಲಿ ಗ್ರಾಹಕನಿಗೆ ಪ್ರವೇಶವಿಲ್ಲ.

ಮೂರನೆಯ ಆಕ್ಷೇಪ ನಮ್ಮವರದೇ: ಹೊರನಾಡಿನ ಸಂಘಕ್ಕೆ ಇದೆಲ್ಲ ಏಕೆ? ನಾವು ರಾಜ್ಯೋತ್ಸವ ಮಾಡೋಣ, ನಾಟಕವಾಡೋಣ, ಮಕ್ಕಳಿಗೆ ಅಕ್ಷರ ಕಲಿಸೋಣ. ಮಾಡಲೇಬೇಕು. ಆದರೆ ನಾಡೆಂದರೆ ಬಾವುಟವೂ ಹಾಡೂ ಮಾತ್ರವೇ? ನಾಡಿನ ಹೆಸರನ್ನು ಕಂಪನಿಯ ಫಲಕಕ್ಕೆ ಎರವಲು ಕೊಡುವಾಗ, ಆ ಹೆಸರಿನ ಮಾನ ಅಪಮಾನಗಳಿಗೆ ಚಂದ್ರಪುರದ ಚಹದಂಗಡಿಯಲ್ಲಿ ಉತ್ತರ ಹೇಳಬೇಕಾಗುವವರು ಹೊರನಾಡಿನ ನಾವೇ. ಮರಾಠಿ ನೆಲದಲ್ಲಿ ಗಣಿ ತೋಡಿದಾಗ ಊರಿನವರು ಗುರುತಿಸುವುದು ಶೇಕಡಾ 74ರ ಪಾಲುದಾರನನ್ನಲ್ಲ, 'ಕರ್ನಾಟಕ'ವನ್ನು. ಎರಡು ರಾಜ್ಯಗಳ ಬಿಲ್ಲುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಲ್ಲವರೂ, ದಾಭೋಳದ ಪಾಠವನ್ನು ಕನ್ನಡದಲ್ಲಿ ಹೇಳಬಲ್ಲವರೂ ನಾವೇ.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿರಲಿ. ವಿದ್ಯುತ್ ನಿಗಮವು ತಾನು ಪಾಲು ಹೊಂದಿರುವ ಯಾವುದೇ ಕಂಪನಿಯೊಡನೆ ಮಾಡಿಕೊಂಡ ಕರಾರಿನ ಪೂರ್ಣ ಪಾಠವನ್ನು ಕನ್ನಡದಲ್ಲಿ ಪ್ರಕಟಿಸಲಿ. ಎರಡೂ ಕಡೆಯ ಆಡಳಿತ ಮಂಡಳಿಯಲ್ಲಿ ಕುಳಿತವರು ಅಂಥ ಕರಾರಿನ ನಿರ್ಣಯದಿಂದ ಎದ್ದು ಹೊರಗೆ ಹೋಗಲಿ. ಇಲಾಖೆಯ ಅನುಮತಿಗೆ ಬದಲಾಗಿ ವಿಧಾನಮಂಡಲದ ಸಮಿತಿಯ ಮುಂದೆ ಕರಾರು ಬರಲಿ. ಸಾರ್ವಜನಿಕ ಹೆಸರನ್ನೂ ಸಾರ್ವಜನಿಕ ಗಣಿಯನ್ನೂ ಬಳಸುವ ಕಂಪನಿ ಯಾವುದೇ ಇರಲಿ, ಶೇಕಡಾ ಎಷ್ಟೇ ಇರಲಿ, ಅದರ ಲೆಕ್ಕಕ್ಕೆ ಸಿ.ಎ.ಜಿ. ಅವರ ಕಣ್ಣು ಬೀಳಲಿ.

ನಾವು ಮಾಡಬಹುದಾದ ಕೆಲಸವೂ ಒಂದಿದೆ. ಮಾಹಿತಿ ಹಕ್ಕಿನ 2005ರ ಕಾಯಿದೆ ಕೇಳುವುದು ಪೌರತ್ವವನ್ನು, ವಾಸಸ್ಥಳವನ್ನಲ್ಲ. ಖಡಕಿಯಲ್ಲಿ ಕುಳಿತು ಬೆಂಗಳೂರಿನ ನಿಗಮಕ್ಕೆ ಅರ್ಜಿ ಬರೆಯುವ ಹಕ್ಕು ನಮಗೆ ಪೂರ್ಣವಾಗಿದೆ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿದ್ದು 150 ಪದಗಳನ್ನು ಮೀರಬಾರದು. ನಮ್ಮ ಪ್ರಶ್ನೆಗೆ ಅಷ್ಟೂ ಬೇಕಿಲ್ಲ. ಜಂಟಿ ಕಂಪನಿ ಖಾಸಗಿಯದೆಂಬ ಉತ್ತರ ಬರಬಹುದು. ಆದರೆ ಪಾಲುದಾರನಾಗಿ ನಿಗಮದ ಬಳಿ ಇರುವ ಕಾಗದಪತ್ರ ನಿಗಮದ್ದೇ. ಅದನ್ನು ಕೇಳೋಣ. ಮುಂದಿನ ಸಂಚಿಕೆಯಲ್ಲಿ ಬಂದ ಉತ್ತರವನ್ನು, ಅಥವಾ ಉತ್ತರ ಬಾರದ್ದನ್ನು, ಇಲ್ಲಿಯೇ ಅಚ್ಚು ಮಾಡೋಣ.

ಭದ್ರಾವತಿಯ ಆ ವೃದ್ಧರು ಈಗ ಇದ್ದಾರೋ ಇಲ್ಲವೋ ತಿಳಿಯದು. ಅವರಿಗೆ ನಾನು ಕೊಟ್ಟ ಉತ್ತರದ ಋಣ ನನ್ನ ಮೇಲಿದೆ. ನಮ್ಮದೆಂದು ಹೇಳಿದ್ದೇನೆ. ನಮ್ಮದಾಗಿದ್ದರೆ ಅದರ ಲೆಕ್ಕ ಕೇಳಬೇಕು. ಲೆಕ್ಕ ಕೇಳುವ ಹಕ್ಕಿಲ್ಲದಿದ್ದರೆ ಫಲಕದ ಮೇಲಿನ ನಮ್ಮ ಹೆಸರನ್ನು ಅಳಿಸಿರೆಂದು ಕೇಳಬೇಕು.